ಮೇಡಂ, ಇದು ನ್ಯಾಯಾನಾ?

ಮೂವತ್ತೊಂದು ವರ್ಷ ಬೆಂಗಳೂರಿನ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಕೇಳದೇ ಬಿಟ್ಟ ಪ್ರಶ್ನೆಗಳೆಲ್ಲ ಈಗ ಈ ಅಂಕಣಕ್ಕೆ ಬರುತ್ತಿವೆ. ಬೇಸಿಗೆ ಅಲ್ವಾ, ಈ ಸಲದ ಮೊದಲ ಪತ್ರ ನೀರಿನದೇ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ 42 ಮನೆ. ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ತರಿಸುತ್ತಾರೆ. ಖರ್ಚನ್ನು ಎಲ್ಲ ಮನೆಗೂ ಸಮನಾಗಿ ಹಂಚುತ್ತಾರೆ. ನನಗೆ 71 ವರ್ಷ, ಒಬ್ಬಳೇ ಇರುವುದು. ಎದುರು ಮನೆಯಲ್ಲಿ ಆರು ಜನ. ಇಬ್ಬರದೂ ಒಂದೇ ಬಿಲ್ಲು. ಕೇಳಿದರೆ, ‘ಸಮಾನತೆ ಅಂದ್ರೆ ಇದೇ ಆಂಟಿ’ ಅಂತಾರೆ.
– ಓದುಗರು, ವೈಟ್‌ಫೀಲ್ಡ್

ಉತ್ತರ: ಅವರು ಹೇಳುವುದು ಸಮಾನತೆಯೇ. ಯಾವುದರ ಸಮಾನತೆ ಎಂದು ನೀವು ತಿರುಗಿ ಕೇಳಬೇಕಿತ್ತು. ಅಮರ್ತ್ಯ ಸೇನ್ 1979ರಲ್ಲಿ ಕೊಟ್ಟ ಒಂದು ಹೆಸರಾಂತ ಉಪನ್ಯಾಸದ ತಲೆಬರಹವೇ ಈ ಪ್ರಶ್ನೆ. ಮನೆ ಮನೆಗೆ ಸಮವೇ? ತಲೆ ತಲೆಗೆ ಸಮವೇ? ಬಳಸಿದ ಲೀಟರಿಗೆ ಸಮವೇ? ಮೂರೂ ಸಮಾನತೆಯೇ. ಆದರೆ ಮೂರರಲ್ಲೂ ನಿಮ್ಮ ಬಿಲ್ಲು ಬೇರೆ ಬೇರೆ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಒಂಬತ್ತು ಮನೆ, ಒಂದು ನಲ್ಲಿ. ಕಾವೇರಿ ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅದಕ್ಕೂ ಮೊದಲಿನ ಮಾತು ಇದು. ಬೆಳಗ್ಗೆ ಐದಕ್ಕೆ ನೀರು ಬಿಟ್ಟರೆ ಏಳಕ್ಕೆ ನಿಲ್ಲುತ್ತಿತ್ತು. ರಾತ್ರಿಯೇ ಕೊಡ ತಂದು ಸಾಲಿಗೆ ಇಟ್ಟುಬಿಡುತ್ತಿದ್ದೆವು. ಕೊಡ ಇದ್ದರೆ ಮನುಷ್ಯ ನಿಂತ ಹಾಗೆ ಲೆಕ್ಕ. ಸರದಿಗೆ ಎರಡು ಕೊಡ. ಬಾಣಂತಿ ಇರುವ ಮನೆಗೆ ಮೂರು, ಅದೂ ಎಲ್ಲರಿಗಿಂತ ಮೊದಲು. ನಲ್ಲಿ ಕಟ್ಟೆಯ ಪಾಚಿ ಉಜ್ಜಿದವರಿಗೆ ಅವತ್ತು ಸಾಲಿನಲ್ಲಿ ಮುಂದಿನ ಜಾಗ. ಓನರ್ ಮನೆಯವರು ಮಾತ್ರ ಸಾಲಿಗೇ ಬರುತ್ತಿರಲಿಲ್ಲ. ಅವರ ಹಂಡೆ ಬಂತು ಅಂದರೆ ನಮ್ಮ ಕೊಡಗಳು ಪಕ್ಕಕ್ಕೆ. ಅಮ್ಮ ಗೊಣಗುತ್ತಿದ್ದಳು. ಜೋರಾಗಿ ಅಲ್ಲ, ಬಾಡಿಗೆ ಬಾಕಿ ಇತ್ತು.

ಕಾಲೇಜಿಗೆ ಬಂದು ಪುಸ್ತಕ ತೆರೆದರೆ ಅಲ್ಲಿಯೂ ಅದೇ ನಲ್ಲಿ, ಅದೇ ಸಾಲು! ಎಲ್ಲರಿಗೂ ಎರಡು ಕೊಡ ಎಂಬುದು ಸಮಾನತೆ. ಬಾಣಂತಿಗೆ ಮೂರು ಎಂಬುದು ಅಗತ್ಯ. ಪಾಚಿ ಉಜ್ಜಿದವರಿಗೆ ಮುಂದಿನ ಜಾಗ ಎಂಬುದು ದುಡಿಮೆಗೆ ತಕ್ಕ ಫಲ. ಹಂಡೆಯದು ಒಡೆತನ. ಸೇನ್ ಅವರು 2009ರಲ್ಲಿ ಬಂದ ನ್ಯಾಯದ ಕುರಿತ ಪುಸ್ತಕದಲ್ಲಿ ಇಂಥದೇ ಒಂದು ಜಗಳ ಹೇಳುತ್ತಾರೆ. ಒಂದು ಕೊಳಲು, ಮೂರು ಮಕ್ಕಳು. ಒಬ್ಬಳಿಗೆ ಮಾತ್ರ ನುಡಿಸಲು ಬರುತ್ತದೆ. ಒಬ್ಬನ ಹತ್ತಿರ ಬೇರೆ ಆಟಿಕೆಯೇ ಇಲ್ಲ. ಇನ್ನೊಬ್ಬಳು ಅದನ್ನು ತಿಂಗಳುಗಟ್ಟಲೆ ಕೂತು ಮಾಡಿದವಳು. ಯಾರಿಗೆ ಕೊಡುತ್ತೀರಿ? ಮೂವರ ವಾದವೂ ಗಟ್ಟಿ. ಮೂರೂ ಬೇರೆ ಬೇರೆ ದಾರಿ.

ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಹೇಳಿದ್ದಾನೆ: ಹಂಚುವಾಗ ನ್ಯಾಯ ಎಂದರೆ ತಕ್ಕ ಪ್ರಮಾಣ. ಸಮಾನರಿಗೆ ಅಸಮವಾಗಿ ಕೊಟ್ಟರೂ ಜಗಳ, ಅಸಮಾನರಿಗೆ ಸಮವಾಗಿ ಕೊಟ್ಟರೂ ಜಗಳ. ಯಾವುದಕ್ಕೆ ತಕ್ಕ ಪ್ರಮಾಣ ಎನ್ನುವುದನ್ನು ಅವನೂ ಒಂದೇ ಮಾತಿನಲ್ಲಿ ತೀರಿಸಲಿಲ್ಲ. ಹಣವಂತರು ಹಣವೇ ಅಳತೆ ಅನ್ನುತ್ತಾರೆ, ಉಳಿದವರು ಬೇರೆ ಅನ್ನುತ್ತಾರೆ ಎಂದು ಬರೆದಿಟ್ಟ.

ನನ್ನ ತೀರ್ಪು ಕೇಳಿದರೆ, ಲಿಫ್ಟ್ ರಿಪೇರಿ, ಕಾಂಪೌಂಡಿನ ಬಣ್ಣ ಇವನ್ನು ಮನೆಗೆ ಸಮನಾಗಿ ಹಾಕಲಿ. ನೀರನ್ನು ಹಾಗೆ ಹಾಕಬಾರದು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಅಂತ ತಲೆಗೆ ಇಷ್ಟು ಎಂದು ಕಡಿಮೆ ದರದಲ್ಲಿ ಕೊಟ್ಟು, ಅದರ ಮೇಲೆ ಬಳಸಿದ್ದಕ್ಕೆ ಜಾಸ್ತಿ ದರ ಹಾಕಲಿ. ಹಳೆಯ ಕಟ್ಟಡದಲ್ಲಿ ಒಂದೊಂದು ಮನೆಗೆ ಮೂರ್ನಾಲ್ಕು ಕಡೆ ಪೈಪ್ ಇಳಿದಿರುತ್ತದೆ, ಮೀಟರ್ ಹಾಕುವುದು ಸುಲಭವಲ್ಲ ಅನ್ನುತ್ತಾರೆ. ಸರಿ, ಅಲ್ಲಿಯವರೆಗೆ ತಲೆಲೆಕ್ಕ ಸಾಕು. ಮೀಟಿಂಗಿನಲ್ಲಿ ಇನ್ನೂ ಒಂದು ಮಾತು ಕೇಳಿ. ಟ್ಯಾಂಕರ್ ಬಾರದ ದಿನ ಮೊದಲು ಬೀಗ ಬೀಳುವುದು ಯಾವ ನಲ್ಲಿಗೆ? ಸೆಕ್ಯೂರಿಟಿಯವರು, ಮನೆಗೆಲಸದವರು ಬಳಸುವ ಕೆಳಗಿನ ಶೌಚಾಲಯದ್ದಾದರೆ, ನಿಮ್ಮ 42ರ ಲೆಕ್ಕದಲ್ಲೇ ಏನೋ ತಪ್ಪಿದೆ.

ಪ್ರಶ್ನೆ: ಕೆಎಎಸ್‌ಗೆ ಓದುತ್ತಿದ್ದೇನೆ. ರಾಲ್ಸ್ ಹೇಳಿದ ‘ಅಜ್ಞಾನದ ಪರದೆ’ ಬಾಯಿಪಾಠ ಆಗಿದೆ, ತಲೆಗೆ ಹೋಗಿಲ್ಲ. ನಮ್ಮ ದೇಶಕ್ಕೆ ಅದು ಒಪ್ಪುತ್ತಾ ಮೇಡಂ?
– ಓದುಗ, ಚಂದ್ರಾ ಲೇಔಟ್

ಉತ್ತರ: ಬಾಯಿಪಾಠ ಒಂದು ಪಕ್ಕಕ್ಕಿಡಪ್ಪ. ಮೊದಲು ಆ ಮನುಷ್ಯನನ್ನು ನೋಡು. ತತ್ವಜ್ಞಾನಿ ಜಾನ್ ರಾಲ್ಸ್ 1921ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹುಟ್ಟಿದವರು. ಅವರು ಹುಡುಗನಾಗಿದ್ದಾಗ ಒಂದು ವರ್ಷ ಗಂಟಲಮಾರಿ ಬಂತು, ಮುಂದಿನ ವರ್ಷ ನ್ಯುಮೋನಿಯ. ಎರಡು ಸಲವೂ ಇವರು ಬದುಕಿದರು. ಇವರಿಂದಲೇ ಅಂಟಿಸಿಕೊಂಡ ಇಬ್ಬರು ತಮ್ಮಂದಿರು ಸತ್ತರು. ಬರೀ ಅದೃಷ್ಟದ ಮೇಲೆ ಒಬ್ಬರ ಬದುಕು ನಿಲ್ಲುವುದು ಎಷ್ಟು ಸರಿ ಎಂಬ ಪ್ರಶ್ನೆ ಆಮೇಲೆ 1971ರ ಅವರ ದೊಡ್ಡ ಪುಸ್ತಕದ ಉದ್ದಕ್ಕೂ ಇದೆ. ಎರಡಕ್ಕೂ ನಂಟು ಹಾಕಿದವಳು ನಾನು, ಪರೀಕ್ಷೆಯಲ್ಲಿ ಬರೆಯಬೇಡ.

ನಾನು ಕ್ಲಾಸಿನಲ್ಲಿ ಇದನ್ನು ಚೀಟಿ ಆಡಿಸಿ ಹೇಳುತ್ತಿದ್ದೆ. ಒಂದೊಂದು ಚೀಟಿಯಲ್ಲಿ ಒಂದೊಂದು ಬದುಕು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು, ಮೂರು ಅಂತಸ್ತಿನ ಓನರ್, ಸಾಫ್ಟ್‌ವೇರಿನವನು, ಪೌರಕಾರ್ಮಿಕ, ಕಣ್ಣು ಕಾಣದ ಹುಡುಗಿ, ಮಂಡ್ಯದಿಂದ ನಿನ್ನೆ ಬಸ್ಸಿಳಿದವನು. ಚೀಟಿ ಕೈಗೆ ಕೊಡುತ್ತಿದ್ದೆ, ಬಿಚ್ಚಲು ಬಿಡುತ್ತಿರಲಿಲ್ಲ. ಮೊದಲು ಊರಿನ ಕಾನೂನು ಮಾಡಿ, ಆಮೇಲೆ ಬಿಚ್ಚಿ. ಯಾವ ವರ್ಷವೂ ‘ಪೌರಕಾರ್ಮಿಕರಿಗೆ ರಜೆ ಬೇಡ’ ಎಂದು ಯಾರೂ ಬರೆಯಲಿಲ್ಲ. ತಾನೇ ಅದಾಗಿದ್ದರೆ? ತಾನು ಯಾರು ಎಂದು ಗೊತ್ತಿಲ್ಲದಿರುವುದೇ ಪರದೆ, ಆ ಭಯವೇ ಅದರ ಕೆಲಸ. ಹಾಗೆ ಕೂತವರು ಎರಡು ನಿಯಮಕ್ಕೆ ಒಪ್ಪುತ್ತಾರೆ ಅಂತ ರಾಲ್ಸ್ ವಾದ. ಮೂಲ ಸ್ವಾತಂತ್ರ್ಯಗಳು ಎಲ್ಲರಿಗೂ ಸಮ. ಇದು ಮೊದಲು, ಇದರಲ್ಲಿ ಚೌಕಾಸಿ ಇಲ್ಲ. ಎರಡನೆಯದು ಏರುಪೇರಿನದು. ಹುದ್ದೆಗೆ ಏರುವ ಅವಕಾಶ ಎಲ್ಲರಿಗೂ ನಿಜವಾಗಿ ತೆರೆದಿರಬೇಕು. ಆ ಏರುಪೇರಿನಿಂದ ಎಲ್ಲರಿಗಿಂತ ಕೆಳಗಿರುವವರಿಗೆ ಆದಷ್ಟೂ ಹೆಚ್ಚು ಒಳ್ಳೆಯದಾಗಬೇಕು.

ಒಂದು ವರ್ಷ, ಮೂರನೇ ಬೆಂಚಿನ ಹುಡುಗಿ ಚೀಟಿ ಬಿಚ್ಚಲೇ ಇಲ್ಲ. ಕೈಯೆತ್ತಿ, ‘ಚೀಟಿ ಬರೆದೋರು ಯಾರು ಮೇಡಂ?’ ಎಂದಳು. ನಾನೇ ಅಂದೆ. ‘ಅಲ್ಲ, ಗುಡಿಸೋದು ಒಂದು ಚೀಟಿ, ಓನರ್ ಒಂದು ಚೀಟಿ ಅಂತ ಮೊದಲೇ ಯಾಕೆ ಬರೆದ್ರಿ?’ ಬೆಲ್ ಹೊಡೆಯಿತು, ಬದುಕಿದೆ. ಆ ರಾತ್ರಿ ಅಂಬೇಡ್ಕರ್ ಅವರನ್ನು ಮತ್ತೆ ತೆಗೆದೆ. ಜಾತಿ ಎಂದರೆ ಬರೀ ಕೆಲಸಗಳ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಎಂದು ಒಡೆದಿಡುವುದು ಅಂತ 1936ರಲ್ಲೇ ಬರೆದಿದ್ದರು. ನಮ್ಮ ದೇಶಕ್ಕೆ ಒಪ್ಪುತ್ತಾ ಎಂದು ಕೇಳಿದೆಯಲ್ಲ? ಒಪ್ಪುತ್ತದೆ, ಆದರೆ ಇಲ್ಲಿ ಪರದೆ ಎಳೆಯುವ ಮೊದಲು ಚೀಟಿಗಳನ್ನೂ ತಿದ್ದಬೇಕು. ಆ ಹುಡುಗಿಗೆ ಆ ಪೇಪರಿನಲ್ಲಿ ಬಂದದ್ದು ಸೆಕೆಂಡ್ ಕ್ಲಾಸು. ತಿದ್ದಿದ್ದು ನಾನೇ.

ಪ್ರಶ್ನೆ: ಬೆವರು ಸುರಿಸಿ ಕಟ್ಟಿದ ಅಂಗಡಿ ನಂದು. ನಾನು ಕಟ್ಟುವ ತೆರಿಗೆಯಲ್ಲಿ ಊರವರಿಗೆಲ್ಲ ಫ್ರೀ ಬಸ್ಸು. ಇದಾವ ನ್ಯಾಯ?
– ಓದುಗರು, ಅವೆನ್ಯೂ ರಸ್ತೆ

ಉತ್ತರ: ನಿಮಗೆ ಹಾರ್ವರ್ಡಿನಲ್ಲಿ ಒಬ್ಬ ದೊಡ್ಡ ವಕೀಲರಿದ್ದರು. ರಾಬರ್ಟ್ ನೋಜಿಕ್. ರಾಲ್ಸ್ ಇದ್ದ ತತ್ವಶಾಸ್ತ್ರ ವಿಭಾಗದವರೇ, ವಾದದಲ್ಲಿ ಮಾತ್ರ ಎದುರಾಳಿ. 1974ರ ಪುಸ್ತಕದಲ್ಲಿ ಅವರು ವಿಲ್ಟ್ ಚೇಂಬರ್ಲಿನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಕಥೆ ಕಟ್ಟಿದರು. ಅವನ ಆಟ ನೋಡಲು ಹತ್ತು ಲಕ್ಷ ಜನ ಖುಷಿಯಿಂದ 25 ಸೆಂಟ್ ಹೆಚ್ಚಿಗೆ ಕೊಟ್ಟರು ಅಂದುಕೊಳ್ಳಿ. ಅವನ ಕೈಗೆ ಎರಡೂವರೆ ಲಕ್ಷ ಡಾಲರ್ ಬಂತು. ಕೊಟ್ಟವರೆಲ್ಲ ಒಪ್ಪಿ ಕೊಟ್ಟದ್ದು. ಇನ್ನು ಅದನ್ನು ಕಿತ್ತು ಹಂಚಲು ಸರ್ಕಾರಕ್ಕೆ ಏನು ಹಕ್ಕು? ದುಡಿದ ಹಣದ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ ಎನ್ನುವವರೆಗೂ ಹೋದರು. ನಿಮ್ಮ ಸಿಟ್ಟಿಗೆ ಇದಕ್ಕಿಂತ ಚೊಕ್ಕ ಮಾತು ಇನ್ನೆಲ್ಲಿಯೂ ಸಿಗಲಿಕ್ಕಿಲ್ಲ.

ಆದರೆ ನೋಜಿಕ್ ಅವರದೇ ಇನ್ನೊಂದು ಮಾತಿದೆ, ಅದನ್ನು ಅವರ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ಆಸ್ತಿ ಮೊದಲು ಕೈಗೆ ಬಂದ ರೀತಿ ಸರಿಯಿರಬೇಕು. ಸರಿಯಿಲ್ಲದಿದ್ದರೆ ಅದನ್ನು ಸರಿಪಡಿಸಬೇಕು. ಈಗ ನಮ್ಮೂರನ್ನು ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಜಾಗದಲ್ಲಿ. ಅವು ಸಾರ್ವಜನಿಕ ಕೆಲಸಕ್ಕೆ ಹೋದವು, ಬಿಡಿ. ರಾಜಕಾಲುವೆ ಮುಚ್ಚಿ ಎದ್ದ ಸೈಟುಗಳನ್ನು ಯಾರ ಬೆವರಿನ ಲೆಕ್ಕಕ್ಕೆ ಬರೆಯೋಣ?

ನೋಜಿಕ್‌ಗೂ ಹಿಂದೆ, 1689ರಲ್ಲಿ, ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಒಂದು ಷರತ್ತು ಹಾಕಿದ್ದ. ದುಡಿಮೆ ಬೆರೆಸಿ ನೀನು ಪಡೆದದ್ದು ನಿನ್ನದು, ಆದರೆ ಬೇರೆಯವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಇದನ್ನು ಕಲಿಸಲು ಬೋರ್‌ವೆಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನೆಲದ ಒಡೆಯನಿಗೆ ಕೆಳಗಿನ ನೀರೂ ಸೇರಿದ್ದು ಎಂಬ ಹಳೆಯ ಎಣಿಕೆ 1882ರ ಈಸ್‌ಮೆಂಟ್ ಕಾಯ್ದೆಯ ಕಾಲದ್ದು. ನನ್ನ ಸೈಟು, ನನ್ನ ದುಡ್ಡು, ಸಾವಿರದಿನ್ನೂರು ಅಡಿ ಕೊರೆಸಿದೆ. ವಾರಕ್ಕೆ ಪಕ್ಕದ ಮನೆಯವರ ಮುನ್ನೂರು ಅಡಿಯದು ಗಾಳಿ ಕಕ್ಕಿತು. ನನ್ನ ಬೆವರು ನಿಜ. ಅವರ ಒಣಗಿದ ಪೈಪೂ ನಿಜ.

ಇನ್ನು ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ. ನಿಮ್ಮ ಅಂಗಡಿಗೆ ಬರುವ ಗಿರಾಕಿಗಳಲ್ಲಿ, ಕೌಂಟರಿನಲ್ಲಿ ನಿಲ್ಲುವ ಹುಡುಗಿಯರಲ್ಲಿ ಎಷ್ಟು ಜನ ಆ ಬಸ್ಸಿಳಿದು ಬರುತ್ತಾರೆ, ಒಂದು ದಿನ ಲೆಕ್ಕ ಹಾಕಿ. ದಿನಗೂಲಿ ಗಂಡಸಿಗೆ ಯಾಕಿಲ್ಲ, ಕಾರಿರುವ ನನ್ನಂಥವಳಿಗೆ ಯಾಕಿದೆ ಎಂದು ನೀವು ಕೇಳಿದ್ದರೆ ನನಗೆ ಉತ್ತರಿಸಲು ಜಾಸ್ತಿ ಕಷ್ಟವಾಗುತ್ತಿತ್ತು.

ಪ್ರಶ್ನೆ: ರಾತ್ರಿ ಎರಡು ಗಂಟೆ. ಸಿಗ್ನಲ್ ಕೆಂಪು. ರಸ್ತೆಯಲ್ಲಿ ನಾಯಿಯೂ ಇಲ್ಲ, ಕ್ಯಾಮೆರಾನೂ ಇಲ್ಲ. ಆಟೋ ನಿಲ್ಲಿಸಬೇಕಾ?
– ಆಟೋ ಚಾಲಕರು, ಯಶವಂತಪುರ

ಉತ್ತರ: ಪ್ಲೇಟೋ ಬರೆದ ‘ರಿಪಬ್ಲಿಕ್’ನಲ್ಲಿ ಅವನ ಅಣ್ಣ ಗ್ಲೌಕನ್ ಸಾಕ್ರಟೀಸನನ್ನು ಇದನ್ನೇ ಕೇಳಿದ್ದು, ಸಿಗ್ನಲ್ ಬದಲು ಉಂಗುರ ಇಟ್ಟುಕೊಂಡು. ಒಬ್ಬ ಕುರುಬನಿಗೆ ಉಂಗುರ ಸಿಕ್ಕಿತು. ಹರಳು ಒಳಕ್ಕೆ ತಿರುಗಿಸಿದರೆ ಅವನು ಯಾರಿಗೂ ಕಾಣಿಸುವುದಿಲ್ಲ. ಅವನು ಅರಮನೆಗೆ ಹೋಗಿ, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ತಾನೇ ರಾಜನಾದ. ಸಿಕ್ಕಿಬೀಳದಿದ್ದರೆ ಒಳ್ಳೆಯವನೂ ಹಾಗೇ ಮಾಡುತ್ತಾನೆ ಅಂತ ಗ್ಲೌಕನ್ ವಾದ. ಸಾಕ್ರಟೀಸ್ ಉತ್ತರ ಕೊಡಲು ಇಡೀ ಪುಸ್ತಕ ಹಿಡಿಯಿತು. ಕದ್ದು ಗೆದ್ದವನ ಮನಸ್ಸಿನೊಳಗೇ ಯಾರು ಯಜಮಾನ ಎಂಬುದು ಕೆಟ್ಟುಹೋಗುತ್ತದೆ, ಅದೇ ಅವನಿಗೆ ಶಿಕ್ಷೆ ಅನ್ನುತ್ತಾನೆ. ನಾನು ಅಷ್ಟು ದೂರ ಹೋಗುವುದಿಲ್ಲ. ನಿಲ್ಲಿಸಿಯಪ್ಪ. ಎದುರಿನಿಂದ ಬರುವವನೂ ರಸ್ತೆಯಲ್ಲಿ ನಾಯಿಯೂ ಇಲ್ಲ ಅಂದುಕೊಂಡೇ ಬರುತ್ತಿರುತ್ತಾನೆ.

ಪ್ರಶ್ನೆ: ಪ್ಲೇಟೋ ಕೂಡ ಸಮಾಜವನ್ನು ವರ್ಗ ಮಾಡಿದ್ದಾನೆ. ಹಾಗಾದರೆ ನಮ್ಮ ವರ್ಣ ಪದ್ಧತಿಯನ್ನು ಮಾತ್ರ ಬೈಯುವುದೇಕೆ?
– ಓದುಗರು, ಮಲ್ಲೇಶ್ವರ

ಉತ್ತರ: ಪ್ಲೇಟೋನನ್ನೂ ಬೈದಿದ್ದಾರೆ, ಚೆನ್ನಾಗಿಯೇ. ತತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲಿ ಅವನನ್ನು ಮುಕ್ತ ಸಮಾಜದ ವೈರಿಗಳ ಸಾಲಿನಲ್ಲಿ ನಿಲ್ಲಿಸಿದರು. ಮನುಷ್ಯರನ್ನು ಮೂರು ಚೀಲಕ್ಕೆ ತುಂಬಬಹುದು ಅಂದುಕೊಂಡ, ಒಬ್ಬೊಬ್ಬನೂ ಬೇರೆ ಎಂಬುದೇ ಅವನಿಗೆ ಕಾಣಲಿಲ್ಲ ಅಂತ ಅಂಬೇಡ್ಕರ್ ಕೂಡ ತರಾಟೆಗೆ ತೆಗೆದುಕೊಂಡಿದ್ದಾರೆ. ಆದರೂ ಒಂದು ವ್ಯತ್ಯಾಸ ಇದೆ. ಆಳುವವರು ಚಿನ್ನ, ದುಡಿಯುವವರು ಕಂಚು ಎಂಬುದು ಪ್ಲೇಟೋನ ಲೆಕ್ಕ. ಚಿನ್ನದ ಮನೆಯಲ್ಲಿ ಕಂಚಿನ ಮಗು ಹುಟ್ಟಿದರೆ ಕೆಳಗಿಳಿಸಿ, ಕಂಚಿನ ಮನೆಯಲ್ಲಿ ಚಿನ್ನ ಹುಟ್ಟಿದರೆ ಮೇಲೇರಿಸಿ ಎಂದು ಪ್ಲೇಟೋ ಹೇಳಿದ. ಹೆಂಗಸರೂ ಆಳಬಹುದು ಎಂದ. ಇವೆರಡನ್ನು ನಮ್ಮಲ್ಲಿ ಹುಡುಕಿ ನೋಡಿ.

ಪ್ರಶ್ನೆ: ಮಗಳಿಗೆ ಸೀಟು ತಪ್ಪಿತು. ಅವಳಿಗಿಂತ ಕಡಿಮೆ ಅಂಕದ ಹುಡುಗನಿಗೆ ಮೀಸಲಾತಿಯಲ್ಲಿ ಸಿಕ್ಕಿತು. ಅವಳು ಮೂರು ದಿನ ಊಟ ಮಾಡಲಿಲ್ಲ. ಪ್ರತಿಭೆಗೆ ಬೆಲೆಯೇ ಇಲ್ವಾ?
– ತಾಯಿ, ಜಯನಗರ

ಉತ್ತರ: ಮೊದಲು ಅವಳಿಗೆ ಊಟ ಮಾಡಿಸಿ. ಹದಿನೆಂಟು ವರ್ಷದವಳ ಸಂಕಟ ನಿಜವಾದದ್ದು, ಅದರ ಮುಂದೆ ಚರಿತ್ರೆಯ ಪಾಠ ಒಪ್ಪಿಸುವುದು ತರವಲ್ಲ. ಈ ಪಾಠ ನಿಮಗೆ.

ಈ ಜಗಳ ನಮ್ಮ ಮೈಸೂರು ಸಂಸ್ಥಾನದಲ್ಲೇ ನೂರು ವರ್ಷದ ಹಿಂದೆ ಆಗಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೂ ಪಾಲು ಸಿಗುವುದು ಹೇಗೆ ಎಂದು ನೋಡಲು, ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸಗಳು ಒಂದೇ ಸಮುದಾಯದ ಕೈಯಲ್ಲಿ ತುಂಬಿಹೋಗಿದ್ದವು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅಂಕ, ದಕ್ಷತೆ ಮುಖ್ಯ. ಅವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಮತವೂ ಒಂದು ಕಾರಣ ಅನ್ನುತ್ತಾರೆ. ಮಹಾರಾಜರೂ ದೊಡ್ಡವರು, ದಿವಾನರೂ ದೊಡ್ಡವರು. ಸ್ವಾತಂತ್ರ್ಯ ಬಂದಮೇಲೆ ಮೀಸಲಾತಿ ಸುಮಾರಾಗಿ ಅರ್ಧ ದಾಟಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ 1962ರ ಬಾಲಾಜಿ ಮೊಕದ್ದಮೆಯೂ ಮೈಸೂರು ರಾಜ್ಯದ್ದೇ. ಆಮೇಲೆ 1992ರಲ್ಲಿ, ಹಿಂದುಳಿದವರಲ್ಲೇ ಮುಂದೆ ಬಂದವರನ್ನು ಬಿಡಬೇಕೆಂಬ ಕೆನೆಪದರದ ಮಾತು ಬಂತು. 2024ರಲ್ಲಿ ಪರಿಶಿಷ್ಟರ ಒಳಗೇ ವಿಂಗಡಿಸಬಹುದು ಎಂಬ ತೀರ್ಪೂ ಬಂತು. ಅಂದರೆ ಸಾಲಿನೊಳಗೂ ಹಿಂದೆ ಬಿದ್ದವರು ಯಾರು ಎಂದು ಕೇಳುವುದು ಇನ್ನೂ ನಡೆದೇ ಇದೆ.

ಸಂಜೆ ಕಾಲೇಜಿನಲ್ಲಿ ನನಗೊಬ್ಬ ವಿದ್ಯಾರ್ಥಿ ಇದ್ದ. ಬೆಳಗಿನ ಜಾವ ಮೂರಕ್ಕೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಸುತ್ತಿದ್ದ. ನನ್ನ ಪಾಠಕ್ಕೆ ಬರುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಅಂಗಿಯಲ್ಲಿ ಸೇವಂತಿಗೆ ವಾಸನೆ. ಅವನಿಗೆ 61 ಬಂತು. ಅದೇ ವರ್ಷ ನನ್ನ ಸಹೋದ್ಯೋಗಿಯ ಮಗನಿಗೆ 88. ಸ್ಟಾಫ್ ರೂಮಿನಲ್ಲಿ ಲಡ್ಡು ಹಂಚಿದರು, ನಾನೂ ತಿಂದೆ. ಆ 27 ಅಂಕದಲ್ಲಿ ಪ್ರತಿಭೆ ಎಷ್ಟು, ಮೂಟೆ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ರಾಲ್ಸ್ ಇಲ್ಲಿ ಒಂದು ಉಪಯೋಗದ ಗೆರೆ ಎಳೆಯುತ್ತಾರೆ. ಹುಟ್ಟಿನಿಂದ ಬಂದ ಬುದ್ಧಿ, ಮನೆ, ಇವಕ್ಕೆ ಯಾರೂ ಅರ್ಹರೂ ಅಲ್ಲ, ಅನರ್ಹರೂ ಅಲ್ಲ. ಆದರೆ ಸರಿಯಾದ ನಿಯಮ ಮೊದಲೇ ಹೇಳಿದ್ದರೆ, ಅದನ್ನು ನಂಬಿ ನಡೆದವರಿಗೆ ಆ ನಿಯಮದಂತೆ ಕೊಡಲೇಬೇಕು. ನಿಮ್ಮ ಮಗಳು ಅರ್ಜಿ ಹಾಕಿದ ಮೇಲೆ ನಿಯಮ ಬದಲಿಸಿದ್ದರೆ ಅವಳಿಗೆ ಅನ್ಯಾಯವಾಗಿದೆ, ಕೇಳಿ. ಮೊದಲಿನಿಂದಲೂ ಅದೇ ನಿಯಮ ಇದ್ದರೆ, ಆದದ್ದು ನಷ್ಟ. ನಷ್ಟಕ್ಕೂ ಅಳು ಬರುತ್ತದೆ. ಆ ಹುಡುಗನ ಮೇಲೆ ಸಿಟ್ಟಾಗುವ ಬದಲು, ಸರ್ಕಾರಿ ಸೀಟುಗಳೇ ಯಾಕೆ ಇಷ್ಟು ಕಡಿಮೆ ಎಂದು ಸಿಟ್ಟಾದರೆ ನಾನೂ ನಿಮ್ಮ ಜೊತೆ ಬರುತ್ತೇನೆ.

ಪ್ರಶ್ನೆ: ‘ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ’ ಎಂಬುದು ಇಂಗ್ಲೆಂಡಿನ ಚಿಂತಕ ಬೆಂಥಮ್ ಮಾತು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ಅದು ಅವನಿಗಿಂತ ಹಳೆಯದಲ್ವಾ?
– ನಿವೃತ್ತ ಮೇಷ್ಟ್ರು, ತುಮಕೂರು

ಉತ್ತರ: ತಪ್ಪಾಯಿತು ಮೇಷ್ಟ್ರೇ. ಫ್ರಾನ್ಸಿಸ್ ಹಚಿಸನ್ 1725ರಲ್ಲೇ ಹಾಗೆ ಬರೆದಿದ್ದರು. ಬೆಂಥಮ್ ಹುಟ್ಟಿದ್ದೇ 1748ರಲ್ಲಿ. ಅವರು ಆ ಮಾತನ್ನು ಊರೂರಿಗೆ ಮುಟ್ಟಿಸಿದವರು. ಸತ್ತ ಮೇಲೂ ತನ್ನ ದೇಹದಿಂದ ಜನಕ್ಕೆ ಉಪಯೋಗವಾಗಲಿ ಎಂದು ಉಯಿಲು ಬರೆದರು. ಅವರ ಎಲುಬುಗೂಡಿಗೆ ಬಟ್ಟೆ ತೊಡಿಸಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೂರಿಸಿದ್ದಾರೆ.

ಪ್ರಶ್ನೆ: ಮೇಡಂ, ಕ್ಲಾಸಿನಲ್ಲಿ ಅಷ್ಟೊಂದು ನ್ಯಾಯ ಹೇಳಿದ್ರಿ. ನೀವು ಕಣ್ಣಾರೆ ಕಂಡು ಸುಮ್ನಿದ್ದ ಅನ್ಯಾಯ ಯಾವುದು?
– ನಿಮ್ಮ ಹಳೆಯ ವಿದ್ಯಾರ್ಥಿನಿ, ಈಗ ವಕೀಲೆ, ಹೆಬ್ಬಾಳ

ಉತ್ತರ: ಪಾಟಿ ಸವಾಲಿನ ಚಾಳಿ ಕೋರ್ಟಿನಿಂದ ಇಲ್ಲಿಗೂ ತಂದೆಯಾ?

ಸೇನ್ ‘ನೀತಿ’, ‘ನ್ಯಾಯ’ ಎಂಬ ನಮ್ಮವೇ ಎರಡು ಮಾತುಗಳನ್ನು ಬೇರೆ ಬೇರೆ ಹಿಡಿದು ತೋರಿಸುತ್ತಾರೆ. ನೀತಿ ಎಂದರೆ ನಿಯಮ, ಕಟ್ಟುಪಾಡು ಸರಿಯಿರುವುದು. ನ್ಯಾಯ ಎಂದರೆ ಆ ಕಟ್ಟುಪಾಡಿನೊಳಗೆ ಜನ ನಿಜವಾಗಿ ಬದುಕುವ ಬಾಳು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯ ನಡೆದಿದ್ದರೆ ಯಾವ ನೀತಿಯೂ ನ್ಯಾಯವಾಗುವುದಿಲ್ಲ. ಪೂರ್ತಿ ನ್ಯಾಯವಾದ ಊರು ಹೇಗಿರುತ್ತದೆ ಎಂದು ಗೊತ್ತಿಲ್ಲದಿದ್ದರೂ ಕಣ್ಣೆದುರಿನ ಅನ್ಯಾಯ ಗೊತ್ತಾಗುತ್ತದೆ, ಮಕ್ಕಳಿಗಂತೂ ಬೇಗ ಗೊತ್ತಾಗುತ್ತದೆ ಅನ್ನುತ್ತಾರೆ. ಇದು ನನ್ನ ವಿರುದ್ಧವೇ ಸಾಕ್ಷಿ.

ಮೇಲೆ ವಠಾರದ ನಲ್ಲಿಯ ಕಥೆ ಹೇಳಿದೆನಲ್ಲ. ಒಂಬತ್ತು ಮನೆ ಎಂದೆ. ಅಲ್ಲಿಗೆ ಇನ್ನೂ ಒಬ್ಬರು ಬರುತ್ತಿದ್ದರು. ಹಿತ್ತಲಿನ ಕಕ್ಕಸು ತೊಳೆಯುವ ಹೆಂಗಸು. ತಲೆಯ ಮೇಲೆ ಮಲ ಹೊರುವುದನ್ನು ಸಚಿವ ಬಸವಲಿಂಗಪ್ಪನವರು ನಿಲ್ಲಿಸಿದ್ದು 1970ರ ದಶಕದಲ್ಲಿ. ಇದು ಅದಕ್ಕೂ ಹಿಂದಿನದು. ಅವರ ಕೆಲಸಕ್ಕೆ ಎಲ್ಲರಿಗಿಂತ ಜಾಸ್ತಿ ನೀರು ಬೇಕು. ನಲ್ಲಿ ಮುಟ್ಟುವ ಹಾಗಿಲ್ಲ. ಸಾಲಿನಲ್ಲಿ ಬಕೆಟ್ ಇಡುವ ಹಾಗಿಲ್ಲ. ಎಲ್ಲರದೂ ಮುಗಿದ ಮೇಲೆ ಯಾರಾದರೂ ಚೊಂಬಿನಿಂದ ಎತ್ತಿ ಹುಯ್ಯಬೇಕು. ಹಿಂಬಾಗಿಲ ಹತ್ತಿರ ನಿಂತು ಕಾಯುತ್ತಿದ್ದರು. ಬಾಣಂತಿಗೆ ಮೂರು ಕೊಡ ಎಂದು ಅಷ್ಟು ಚೆಂದದ ನಿಯಮ ಮಾಡಿದ ವಠಾರ ಅವರ ಹೆಸರು ಕೂಡ ಕೇಳಿರಲಿಲ್ಲ.

ಹುಯ್ಯುವ ಕೆಲಸ ಹೆಚ್ಚಾಗಿ ನನ್ನದು. ‘ತಾಗಿಸ್ಬೇಡ್ವೇ’ ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ನಾನು ತಾಗಿಸುತ್ತಿರಲಿಲ್ಲ. ಆಗ ನನಗೆ ಹತ್ತು ವರ್ಷ. ಒಂದು ದಿನ ಶಾಲೆಗೆ ಹೊತ್ತಾಗಿತ್ತು, ಜಡೆ ಹಾಕಿಯಾಗಿತ್ತು. ‘ಪುಟ್ಟಮ್ಮಾ, ವಸಿ ನೀರು’ ಅಂದರು. ‘ನೀರು ನಿಂತ್ಹೋಯ್ತು’ ಎಂದೆ. ನನ್ನ ಬೆನ್ನ ಹಿಂದೆ ನಲ್ಲಿ ಸುರಿಯುತ್ತಲೇ ಇತ್ತು. ಅದು ಅವರಿಗೂ ಕೇಳಿಸುತ್ತಿತ್ತು.